ಪ್ರಶ್ನೆ ನಿಮ್ಮದು: ಇಡ್ಲಿ ಹಿಟ್ಟು, ಸೋದರಮಾವ ಮತ್ತು ನಾಲ್ಕರಲ್ಲೊಂದು

ಜೀವಕೋಶ ಶಕ್ತಿಯನ್ನು ಹೇಗೆ ಗಳಿಸುತ್ತದೆ, ತಂದೆತಾಯಿಯ ಗುಣ ಮಕ್ಕಳಿಗೆ ಹೇಗೆ ಇಳಿಯುತ್ತದೆ ಎಂಬ ಎರಡು ವಿಷಯಗಳ ಪತ್ರಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಮನೆಯ ಸಂಗತಿ ಬರೆದವರ ಊರನ್ನು ಬಿಟ್ಟಿದ್ದೇವೆ.

ಪ್ರಶ್ನೆ: ಚಳಿಗಾಲದಲ್ಲಿ ನಮ್ಮಲ್ಲಿ ಇಡ್ಲಿ ಹಿಟ್ಟು ಬೆಳಗಾದರೂ ಉಬ್ಬುವುದಿಲ್ಲ. ಬಳ್ಳಾರಿಯ ತಂಗಿಯ ಮನೆಯಲ್ಲಿ ಬೇಸಿಗೆಯಲ್ಲಿ ಹುಳಿಯೇನೋ ಬರುತ್ತದೆ, ಉಬ್ಬುವುದು ಮಾತ್ರ ಇಲ್ಲ. ಯೀಸ್ಟ್ ಹಾಕಬಹುದೇ?
— ಗೃಹಿಣಿ, ಮಡಿಕೇರಿ

ಉತ್ತರ: ಯೀಸ್ಟ್ ಬೇಡ, ಇಡ್ಲಿಗೆ ಬ್ರೆಡ್ಡಿನ ವಾಸನೆ ಬರುತ್ತದೆ. ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಲ್ಯೂಕೊನಾಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯ. ಅದು ಬೇಳೆಯ ಜೊತೆಗೇ ಮನೆಗೆ ಬಂದಿರುತ್ತದೆ. ನಮ್ಮ ಜೀವಕೋಶಗಳಂತೆ ಆಮ್ಲಜನಕ ಬಳಸಿ ಸಕ್ಕರೆಯನ್ನು ಪೂರ್ತಿ ಸುಡುವುದು ಅದರ ಬದುಕಿನ ಕ್ರಮವಲ್ಲ. ಅರ್ಧಕ್ಕೇ ಒಡೆದು, ಒಂದು ಗ್ಲೂಕೋಸ್ ಅಣುವಿನಿಂದ ಒಂದು ಲ್ಯಾಕ್ಟಿಕ್ ಆಮ್ಲ, ಒಂದು ಆಲ್ಕೊಹಾಲ್ ಇಲ್ಲವೇ ಅಸಿಟಿಕ್ ಆಮ್ಲ, ಒಂದು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಆಲ್ಕೊಹಾಲಿನ ದಾರಿ ಹಿಡಿದರೆ ಅಷ್ಟು ದುಡಿಮೆಗೆ ಅದಕ್ಕೆ ದಕ್ಕುವುದು ಒಂದೇ ಒಂದು ಎಟಿಪಿ (ಜೀವಕೋಶ ತನ್ನ ಕೆಲಸಗಳಿಗೆ ಖರ್ಚು ಮಾಡುವ ಶಕ್ತಿಯ ಅಣು). ಗಳಿಕೆ ಇಷ್ಟು ಕಡಿಮೆ ಇರುವುದರಿಂದಲೇ ಅದು ಸಕ್ಕರೆಯನ್ನು ರಾಶಿರಾಶಿಯಾಗಿ ಒಡೆಯಬೇಕಾಗುತ್ತದೆ, ಅನಿಲವೂ ಅಷ್ಟೇ ಹೇರಳವಾಗಿ ಹೊರಡುತ್ತದೆ. ಆ ಅನಿಲ ತಪ್ಪಿಸಿಕೊಳ್ಳದಂತೆ ಹಿಡಿದಿಡುವುದು ಉದ್ದಿನ ಪ್ರೋಟೀನು ಮತ್ತು ಅಂಟು.

ತಂಗಿಯವರ ಹಿಟ್ಟಿನ ಕಥೆ ಬೇರೆ. ಹಿಟ್ಟಿನಲ್ಲಿರುವ ಇನ್ನು ಕೆಲವು ಬ್ಯಾಕ್ಟೀರಿಯಗಳು ಒಂದು ಗ್ಲೂಕೋಸನ್ನು ಎರಡು ಲ್ಯಾಕ್ಟಿಕ್ ಆಮ್ಲವಾಗಿ ಒಡೆಯುತ್ತವೆ. ಅವಕ್ಕೆ ಎರಡು ಎಟಿಪಿ ಸಿಗುತ್ತದೆ, ಆದರೆ ಅನಿಲ ಹುಟ್ಟುವುದೇ ಇಲ್ಲ. ಸೆಕೆ ಹೆಚ್ಚಾದಾಗ ಇವುಗಳ ಕೈ ಮೇಲಾಗುತ್ತದೆ. ಹುಳಿ ಇದ್ದು ಉಬ್ಬು ಇಲ್ಲದಿರುವುದಕ್ಕೆ ಇದು ಒಂದು ಕಾರಣ. ಇನ್ನೊಂದು, ಉಬ್ಬಿದ ಹಿಟ್ಟನ್ನು ಹೊರಗೇ ಬಿಟ್ಟು ಅದು ಕುಸಿದಿರುವುದು. ಬೇಸಿಗೆಯಲ್ಲಿ ಬೇಳೆಯನ್ನು ನಾಲ್ಕು ಗಂಟೆಗಿಂತ ಹೆಚ್ಚು ನೆನೆಸದೆ, ತಣ್ಣೀರು ಹಾಕಿ ರುಬ್ಬಿ, ಐದಾರು ಗಂಟೆಗೇ ಒಮ್ಮೆ ನೋಡಿ, ಉಬ್ಬಿದ ಕೂಡಲೇ ಫ್ರಿಜ್ಜಿಗೆ ಇಡಲಿ. ಗ್ರೈಂಡರ್ ಕಲ್ಲು ಬಿಸಿಯಾಗುವಷ್ಟು ಓಡಿಸಿದರೂ ಉದ್ದಿನ ನೊರೆ ಕೆಡುತ್ತದೆ.

ನಿಮ್ಮದು ತಣ್ಣನೆಯ ಸಮಸ್ಯೆ. ಹತ್ತು ಡಿಗ್ರಿ ಇಳಿದರೆ ಜೀವಕೋಶದ ಕೆಲಸದ ವೇಗ ಸುಮಾರಾಗಿ ಅರ್ಧಕ್ಕೆ ಇಳಿಯುತ್ತದೆ. 28–30 ಡಿಗ್ರಿಯಲ್ಲಿ ಎಂಟು ಹತ್ತು ಗಂಟೆಗೆ ಬರುವ ಹುದುಗು 18–20ರಲ್ಲಿ ಹದಿನಾರರಿಂದ ಇಪ್ಪತ್ತು ಗಂಟೆ ಬೇಡುತ್ತದೆ. ಒಂದು ಲೋಟ ಉದ್ದಿನಬೇಳೆಗೆ ಎರಡು ಲೋಟ ಇಡ್ಲಿ ರವೆ (ಕುಸುಬಲಕ್ಕಿಯಾದರೆ ಮೂರರಿಂದ ನಾಲ್ಕು ಲೋಟ) ಹಾಕಿ. ಬೇಳೆ ಆ ವರ್ಷದ್ದೇ ಆಗಿರಲಿ, ಹಳೆಯ ಬೇಳೆ ನೊರೆ ಕೊಡುವುದಿಲ್ಲ. ಕಡೆಯ ಸುತ್ತು ರುಬ್ಬುವಾಗ ಉಗುರುಬೆಚ್ಚನೆಯ ನೀರು ಹಾಕಿ, ಹಿಂದಿನ ಹಿಟ್ಟು ಎರಡು ಚಮಚ ಬೆರೆಸಿ, ಪಾತ್ರೆಯನ್ನು ಅರ್ಧಕ್ಕೆ ಮಾತ್ರ ತುಂಬಿಸಿ. ಓವನ್ ಇದ್ದರೆ ಅದರ ದೀಪವನ್ನಷ್ಟೇ ಹಚ್ಚಿ ಒಳಗಿಡಿ. ಇಲ್ಲದಿದ್ದರೆ ದೊಡ್ಡ ಪಾತ್ರೆಯಲ್ಲಿ ಉಗುರುಬೆಚ್ಚನೆಯ ನೀರಿಟ್ಟು, ಅದರೊಳಗೆ ಇಳಿಸಿ, ಕಂಬಳಿ ಹೊದಿಸಿ. ಒಲೆಯ ಮೇಲೆ, ಬಿಸಿ ಕುಕ್ಕರಿನ ಮೇಲೆ ಇಡಬೇಡಿ: 40 ಡಿಗ್ರಿ ದಾಟಿದರೆ ನೀವೂ ಬಳ್ಳಾರಿಯ ಸಮಸ್ಯೆಗೇ ಬಂದು ನಿಲ್ಲುತ್ತೀರಿ. ಸೋಡಾಪುಡಿ ಹಾಕಿದರೆ ಉಬ್ಬುವುದು ನಿಜ, ಆದರೆ ಅದು ಬಂದಷ್ಟು ಹುಳಿಯನ್ನೂ ಕೊಂದು ಹಾಕುತ್ತದೆ.

ಪ್ರಶ್ನೆ: ಒಂದು ಗ್ಲೂಕೋಸ್ ಅಣುವಿನಿಂದ 38 ಎಟಿಪಿ ಎಂದು ಪಿಯುಸಿ ಪಠ್ಯದಲ್ಲಿದೆ. ಟ್ಯೂಷನ್‌ನಲ್ಲಿ 36 ಅಂದರು. ಇಂಟರ್‌ನೆಟ್‌ನಲ್ಲಿ 30 ಎಂದೂ ಇದೆ, 32 ಎಂದೂ ಇದೆ. ಯಾವುದು ಸರಿ?
— ವಿದ್ಯಾರ್ಥಿನಿ, ಹಾವೇರಿ

ಉತ್ತರ: ಪರೀಕ್ಷೆಯಲ್ಲಿ 38 ಎಂದೇ ಬರೆಯಿರಿ, ಅಂಕ ಕಳೆದುಕೊಳ್ಳಬೇಡಿ. ಇದು ಕೆಲವು ಊಹೆಗಳ ಮೇಲೆ ನಿಂತ ಲೆಕ್ಕ ಎಂದು ಪಠ್ಯವೇ ಹೇಳಿದೆ. ಆ ಸಾಲನ್ನು ಯಾರೂ ಓದುವುದಿಲ್ಲ, ಅಷ್ಟೆ. ನಿಜವಾದ ಜೀವಕೋಶದ ಮಾತು ಬಂದರೆ 30ರಿಂದ 32.

ಎಲ್ಲರೂ ಒಪ್ಪುವ ಭಾಗ ಮೊದಲು. ಗ್ಲೂಕೋಸನ್ನು ಒಡೆಯುವ ಮೊದಲ ಹಂತವಾದ ಗ್ಲೈಕಾಲಿಸಿಸ್‌ನಲ್ಲಿ ಖರ್ಚು ಕಳೆದು 2 ಎಟಿಪಿ, ಮುಂದಿನ ಹಂತವಾದ ಕ್ರೆಬ್ಸ್ ಚಕ್ರದಲ್ಲಿ 2, ಒಟ್ಟು 4 ನೇರವಾಗಿ ಬರುತ್ತವೆ. ಉಳಿದ ಶಕ್ತಿಯೆಲ್ಲ 10 ಎನ್‌ಎಡಿಎಚ್ ಮತ್ತು 2 ಎಫ್‌ಎಡಿಎಚ್2 ಎಂಬ ಸಾಗಣೆಯ ಅಣುಗಳು ಹೊತ್ತ ಎಲೆಕ್ಟ್ರಾನುಗಳಲ್ಲಿರುತ್ತದೆ. ಜಗಳ ಇರುವುದು ಇವುಗಳನ್ನು ಎಟಿಪಿಗೆ ಬದಲಾಯಿಸುವ ದರದ ಬಗ್ಗೆ. ಹಳೆಯ ದರ 3 ಮತ್ತು 2. ಅದರ ಪ್ರಕಾರ 30 + 4 + 4 = 38.

ಎಲೆಕ್ಟ್ರಾನು ಹಾಯುವ ಪ್ರತಿ ಹಂತದಲ್ಲೂ ಇಷ್ಟೇ ಎಂದು ಇಡಿಯಾದ ಎಟಿಪಿಗಳು ಹುಟ್ಟುತ್ತವೆ ಎಂದು ನಂಬಿದ್ದ ಕಾಲದ ದರ ಅದು. ಹಾಗೆ ನಡೆಯುವುದಿಲ್ಲ ಎಂದು 1961ರಲ್ಲಿ ಹೇಳಿದವರು ಬ್ರಿಟನ್ನಿನ ಪೀಟರ್ ಮಿಚೆಲ್. ಅವರಿಗೆ 1978ರಲ್ಲಿ ನೊಬೆಲ್ ಬಂತು. ಎಲೆಕ್ಟ್ರಾನುಗಳು ಹಾಯುವಾಗ ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದ ಒಳಪೊರೆಯ ಆಚೆಗೆ ಪ್ರೋಟಾನುಗಳು ತಳ್ಳಲ್ಪಡುತ್ತವೆ. ಅಣೆಕಟ್ಟಿನ ಹಿಂದೆ ನಿಂತ ನೀರು ಟರ್ಬೈನ್ ತಿರುಗಿಸಿಕೊಂಡು ಇಳಿಯುವಂತೆ, ಆ ಪ್ರೋಟಾನುಗಳು ಎಟಿಪಿ ಸಿಂಥೇಸ್ ಎಂಬ ಕಿಣ್ವವನ್ನು ತಿರುಗಿಸಿಕೊಂಡು ಒಳಕ್ಕೆ ಮರಳುತ್ತವೆ. ಈ ಕಿಣ್ವ ನಿಜಕ್ಕೂ ಗರಗರ ತಿರುಗುತ್ತದೆ, ಮಾತಿಗೆ ಹೇಳುತ್ತಿರುವುದಲ್ಲ. ಅದರ ಕೆಲಸದ ರೀತಿ ಬಿಡಿಸಿದ್ದಕ್ಕೆ ಪಾಲ್ ಬೋಯರ್ ಮತ್ತು ಜಾನ್ ವಾಕರ್ ಅವರಿಗೆ 1997ರ ನೊಬೆಲ್ಲಿನಲ್ಲಿ ಪಾಲು ಸಿಕ್ಕಿತು.

ಹಾಗಾಗಿ ಎಣಿಸಬೇಕಾದ್ದು ಪ್ರೋಟಾನುಗಳನ್ನು. ಒಂದು ಎನ್‌ಎಡಿಎಚ್ 10 ಪ್ರೋಟಾನುಗಳನ್ನು ತಳ್ಳಿಸುತ್ತದೆ, ಒಂದು ಎಫ್‌ಎಡಿಎಚ್2 6ನ್ನು. ಒಂದು ಎಟಿಪಿ ತಯಾರಿಸಿ ಹೊರಗೆ ಸಾಗಿಸಲು ಸುಮಾರು 4 ಬೇಕು. ಅಲ್ಲಿಗೆ ದರ 2.5 ಮತ್ತು 1.5. ಈಗ ಕೂಡಿಸಿ: 25 + 3 + 4 = 32.

ಇನ್ನು 30. ಗ್ಲೈಕಾಲಿಸಿಸ್‌ನ 2 ಎನ್‌ಎಡಿಎಚ್ ಮೈಟೊಕಾಂಡ್ರಿಯದ ಹೊರಗೆ ಹುಟ್ಟುತ್ತವೆ, ಅವಕ್ಕೆ ಒಳಗೆ ಪ್ರವೇಶವಿಲ್ಲ. ಅವುಗಳ ಎಲೆಕ್ಟ್ರಾನುಗಳನ್ನು ಬೇರೆ ಅಣುಗಳು ಹೊತ್ತು ಒಳಗೆ ಮುಟ್ಟಿಸಬೇಕು. ಯಕೃತ್ತು ಮತ್ತು ಹೃದಯದಲ್ಲಿ ಬಳಕೆಯಲ್ಲಿರುವ ದಾರಿಯಲ್ಲಿ ನಷ್ಟವಿಲ್ಲ. ಅಸ್ಥಿಸ್ನಾಯುವಿನಲ್ಲಿ ಬಳಕೆಯಾಗುವ ಇನ್ನೊಂದು ದಾರಿಯಲ್ಲಿ 2.5 ಸಿಗಬೇಕಾದಲ್ಲಿ 1.5 ಸಿಗುತ್ತದೆ. ಎರಡು ಎಟಿಪಿ ಖೋತಾ. ಹಳೆಯ ದರದಲ್ಲಿ 38 ಇದ್ದದ್ದು 36 ಆಗುವುದೂ ಇದೇ ಕಾರಣಕ್ಕೆ. ನಿಮ್ಮ ಟ್ಯೂಷನ್ ಮೇಷ್ಟ್ರು ಹೇಳಿದ್ದು ಹಳೆಯ ಲೆಕ್ಕದ ಸ್ನಾಯು, ಪಠ್ಯ ಹೇಳಿದ್ದು ಹಳೆಯ ಲೆಕ್ಕದ ಹೃದಯ.

32 ಕೂಡ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಕಿಣ್ವ ಒಂದು ಸುತ್ತಿಗೆ 3 ಎಟಿಪಿ ಕೊಡುತ್ತದೆ. ಆ ಸುತ್ತಿಗೆ ಪ್ರಾಣಿಗಳಲ್ಲಿ 8 ಪ್ರೋಟಾನು ಸಾಕು, ಬೇಕರಿ ಯೀಸ್ಟಿನಲ್ಲಿ 10 ಬೇಕು. ಪೊರೆಯಲ್ಲಿ ಸ್ವಲ್ಪ ಸೋರಿಕೆಯೂ ಇದೆ. ಹಸುಗೂಸುಗಳ ಕಂದು ಕೊಬ್ಬಿನಲ್ಲಂತೂ ಬೇಕೆಂದೇ ಸೋರಿಸಿ, ಎಟಿಪಿಯ ಬದಲು ಮೈಗೆ ಬಿಸಿ ಪಡೆಯುವ ಏರ್ಪಾಡಿದೆ. ಇನ್ನೊಂದು ಅಂಕಿ ನೆನಪಿಟ್ಟುಕೊಳ್ಳಿ: ದೇಹದಲ್ಲಿ ಒಂದು ಕ್ಷಣಕ್ಕೆ ಇರುವ ಎಟಿಪಿ ನೂರು ಗ್ರಾಂ ಆಸುಪಾಸು, ದಿನಕ್ಕೆ ಖರ್ಚಾಗುವುದು ಸುಮಾರು 40 ಕೆ.ಜಿ. ಅಂದರೆ ಅದೇ ಅಣು ದಿನಕ್ಕೆ ನೂರಾರು ಸಲ ಒಡೆದು ಮತ್ತೆ ಕೂಡುತ್ತದೆ. ಎಟಿಪಿಯನ್ನು ಶಕ್ತಿಯ ದಾಸ್ತಾನು ಎಂದು ಬರೆಯುವ ನೋಟ್ಸುಗಳನ್ನು ನಂಬಬೇಡಿ.

ಪ್ರಶ್ನೆ: ಕಬಡ್ಡಿ ಆಡಿದ ಮರುದಿನ ತೊಡೆ ನೋಯುವುದು ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡಿದ್ದರಿಂದಲೇ?
— ಆಟಗಾರ, ಮಂಡ್ಯ

ಉತ್ತರ: ಅಲ್ಲ. ಆಟದಲ್ಲಿ ಏರಿದ ಲ್ಯಾಕ್ಟೇಟ್ ಒಂದೆರಡು ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ಹೃದಯ ಅದನ್ನು ಇಂಧನವಾಗಿ ಉರಿಸುತ್ತದೆ, ಯಕೃತ್ತು ಅದರಿಂದ ಮತ್ತೆ ಗ್ಲೂಕೋಸ್ ಮಾಡುತ್ತದೆ. ಮರುದಿನ ಶುರುವಾಗಿ ಮೂರನೆಯ ದಿನದವರೆಗೂ ಇರುವ ನೋವು ಸ್ನಾಯುವಿನ ಎಳೆಗಳಲ್ಲಾದ ಸಣ್ಣ ಸಣ್ಣ ಹರುಕುಗಳದ್ದು ಮತ್ತು ಅವುಗಳ ದುರಸ್ತಿಯದ್ದು. ಸ್ನಾಯು ಹಿಗ್ಗುತ್ತಲೇ ಭಾರ ತಡೆಯುವ ಚಲನೆಗಳಲ್ಲಿ, ಅಂದರೆ ಇಳಿಜಾರು ಓಟ, ದಿಢೀರ್ ನಿಲ್ಲುವುದು, ಬಗ್ಗಿ ಹಿಡಿಯುವುದು ಇವುಗಳಲ್ಲಿ ಹೆಚ್ಚು. ಒಂದು ರೇಡಿನ ಮೊದಲ ಹತ್ತು ಸೆಕೆಂಡಿನ ಬಲವಂತೂ ಹೆಚ್ಚಾಗಿ ಸ್ನಾಯುವಿನಲ್ಲೇ ಇರುವ ತುರ್ತು ಇಂಧನವಾದ ಕ್ರಿಯಾಟಿನ್ ಫಾಸ್ಫೇಟಿನದು.

ಪ್ರಶ್ನೆ: ರಾತ್ರಿ ಹುಣಸೆಮರದ ಕೆಳಗೆ ಮಲಗಬಾರದು, ಅರಳಿಮರ ಮಾತ್ರ ರಾತ್ರಿಯೂ ಆಮ್ಲಜನಕ ಬಿಡುತ್ತದೆ ಎನ್ನುತ್ತಾರೆ. ನಿಜವೇ?
— ಓದುಗರು, ಕೊಪ್ಪಳ

ಉತ್ತರ: ಕತ್ತಲಲ್ಲಿ ಯಾವ ಮರವೂ ಆಮ್ಲಜನಕ ಬಿಡುವುದಿಲ್ಲ. ಅದು ಬರುವುದು ನೀರಿನ ಅಣು ಒಡೆದಾಗ, ಒಡೆಯಲು ಬೆಳಕು ಬೇಕೇ ಬೇಕು. ಪಾಪಸುಕಳ್ಳಿ, ಅನಾನಸಿನಂಥ ಕೆಲವು ಗಿಡಗಳು ನೀರುಳಿಸಲು ರಾತ್ರಿ ಇಂಗಾಲದ ಡೈಆಕ್ಸೈಡ್ ಹೀರಿ ಆಮ್ಲವಾಗಿಸಿ ಇಟ್ಟುಕೊಳ್ಳುತ್ತವೆ. ಅವೂ ಆಮ್ಲಜನಕ ಬಿಡುವುದು ಹಗಲಿನಲ್ಲೇ. ಹುಣಸೆಮರ ರಾತ್ರಿ ಉಸಿರಾಡುವುದು ಹೌದು, ಆದರೆ ಬಯಲಿನಲ್ಲಿ ಅದು ಗಾಳಿಗೆ ಚದುರಿಹೋಗುತ್ತದೆ. ಪಕ್ಕದಲ್ಲಿ ಮಲಗಿದವರು ನಿಮಿಷಕ್ಕೆ ಸುಮಾರು 200 ಮಿಲಿಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. ಅವರನ್ನು ಬಿಟ್ಟು ಮರಕ್ಕೆ ಹೆದರುವುದು ಅನ್ಯಾಯ.

ಪ್ರಶ್ನೆ: ನನ್ನ ತಮ್ಮನಿಗೆ ಅಕ್ಕನ ಮಗಳನ್ನು ತರುವ ಮಾತು ನಡೆದಿದೆ. ಚಿಕ್ಕಪ್ಪನ ಮಗಳಾದರೆ ರಕ್ತಸಂಬಂಧ, ಅಕ್ಕನ ಮಗಳ ಗೋತ್ರ ಬೇರೆ, ಹಾಗಾಗಿ ಭಯವಿಲ್ಲ ಎಂದು ಹಿರಿಯರ ವಾದ. ವಿಜ್ಞಾನ ಏನು ಹೇಳುತ್ತದೆ?
— ಹೆಸರು, ಊರು ಬೇಡ

ಉತ್ತರ: ಗೋತ್ರ ತಂದೆಯಿಂದ ಮಗನಿಗೆ ಸಾಗುತ್ತದೆ. ದೇಹದಲ್ಲಿ ಹಾಗೆ ಸಾಗುವುದು 46 ಕ್ರೋಮೋಸೋಮುಗಳಲ್ಲಿ ಒಂದೇ ಒಂದು, ವೈ ಕ್ರೋಮೋಸೋಮ್. ಅದರಲ್ಲಿ ಜೀನ್‌ಗಳೂ ಕಡಿಮೆ. ಉಳಿದ 45ರ ವಿಷಯದಲ್ಲಿ ಗೋತ್ರ ಏನನ್ನೂ ಹೇಳುವುದಿಲ್ಲ. ಮದುವೆಯಾದ ಅಕ್ಕನ ಗೋತ್ರ ಬದಲಾಗಬಹುದು, ಅವರು ತವರಿನಿಂದ ತಂದ ಜೀನ್‌ಗಳು ಬದಲಾಗುವುದಿಲ್ಲ.

ಪಾಲಿನ ಲೆಕ್ಕ ಹೀಗೆ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಒಂದೇ ಮೂಲದ ಜೀನ್‌ಗಳು ಸರಾಸರಿ ನಾಲ್ಕರಲ್ಲಿ ಒಂದು ಪಾಲು. ಮಾವನ ಮಗಳು, ಸೋದರತ್ತೆಯ ಮಗ, ಚಿಕ್ಕಪ್ಪನ ಮಗಳು, ಚಿಕ್ಕಮ್ಮನ ಮಗಳು, ಇವರೆಲ್ಲರಿಗೂ ಒಂದೇ ಅಳತೆ: ಎಂಟರಲ್ಲಿ ಒಂದು. ರೂಢಿ ಯಾರನ್ನು ಅಣ್ಣತಂಗಿ ಎಂದು ದೂರ ಇಟ್ಟಿದೆಯೋ ಅವರಿಗಿಂತ, ಒಪ್ಪಿ ತಂದುಕೊಳ್ಳುವ ಅಕ್ಕನ ಮಗಳೇ ಎರಡು ಪಟ್ಟು ಹತ್ತಿರ.

ಹತ್ತಿರವಾದರೆ ಕೆಡುಕೇನು? ಪ್ರತಿಯೊಬ್ಬರಲ್ಲೂ ಕೆಲವು ಕೆಟ್ಟ ಜೀನ್‌ಗಳು ಸದ್ದಿಲ್ಲದೆ ಕುಳಿತಿರುತ್ತವೆ. ಜೋಡಿಯ ಇನ್ನೊಂದು ಪ್ರತಿ ಸರಿಯಿದ್ದರೆ ತೊಂದರೆ ಕಾಣುವುದಿಲ್ಲ. ಮಗುವಿಗೆ ಎರಡೂ ಕಡೆಯಿಂದ ಅದೇ ಕೆಟ್ಟ ಪ್ರತಿ ಬಂದರೆ ಮಾತ್ರ ರೋಗ. ಒಂದು ರೋಗಕ್ಕೆ ನೂರರಲ್ಲಿ ಒಬ್ಬರು ವಾಹಕರು (ಒಂದು ಕೆಟ್ಟ ಪ್ರತಿ ಇದ್ದೂ ರೋಗವಿಲ್ಲದವರು) ಇದ್ದಾರೆ ಎಂದುಕೊಳ್ಳಿ. ಹುಡುಗಿ ವಾಹಕಿಯಾಗಿದ್ದು ಸಂಬಂಧವಿಲ್ಲದ ಹುಡುಗನನ್ನು ಮದುವೆಯಾದರೆ, ಆತನೂ ವಾಹಕನಾಗಿರುವ ಸಂಭವ ನೂರರಲ್ಲಿ ಒಂದು, ಮಗುವಿಗೆ ರೋಗ ಬರುವ ಸಂಭವ 400ರಲ್ಲಿ ಒಂದು. ಅತ್ತೆಯ ಮಗನಾದರೆ 32ರಲ್ಲಿ ಒಂದು. ಸೋದರಮಾವನಾದರೆ 16ರಲ್ಲಿ ಒಂದು. ರೋಗ ವಿರಳವಾದಷ್ಟೂ ಈ ಅಂತರ ಹಿಗ್ಗುತ್ತದೆ.

ಹಾಗೆಂದು ಹೆದರಿಸುವುದೂ ತಪ್ಪು. ಯಾವ ದಂಪತಿಗೇ ಆಗಲಿ, ಗಂಭೀರ ಹುಟ್ಟುದೋಷವಿರುವ ಮಗುವಾಗುವ ಸಂಭವ ನೂರಕ್ಕೆ 2–3 ಇದ್ದೇ ಇದೆ. ಅತ್ತೆ-ಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಅದರ ಮೇಲೆ ಇನ್ನೊಂದು 2–3 ಸೇರುತ್ತದೆ. ಸೋದರಮಾವನಾದರೆ ಇನ್ನೂ ಹೆಚ್ಚು. ಹೆಚ್ಚಿನ ಮಕ್ಕಳು ಆರೋಗ್ಯವಾಗೇ ಹುಟ್ಟುತ್ತಾರೆ. ನಮ್ಮ ಮನೆಯಲ್ಲಿ ಮೂರು ತಲೆಮಾರು ಹೀಗೇ ಆಗಿದೆ, ಏನೂ ಆಗಿಲ್ಲ ಎಂಬ ಮಾತು ಹುಟ್ಟುವುದು ಇದರಿಂದಲೇ. ಆದರೆ ಮೂರು ತಲೆಮಾರು ಹೀಗೇ ಆಗಿದ್ದರೆ ಪಾಲು ಇನ್ನೂ ಗಟ್ಟಿಯಾಗಿರುತ್ತದೆ, ಮೇಲಿನ ಲೆಕ್ಕಕ್ಕಿಂತ ಸಂಭವ ಜಾಸ್ತಿಯೇ.

ರಕ್ತಸಂಬಂಧದ ತಲೆಗೆ ಎಲ್ಲ ಆನುವಂಶಿಕ ರೋಗವನ್ನೂ ಕಟ್ಟಬಾರದು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ಬೆಳಕಿಗೆ ಬಂದ ಮೂಳೆ-ಕೀಲುಗಳ ರೋಗ ಪ್ರಬಲ ಜೀನಿನದು. ಅಲ್ಲಿ ಒಂದು ಕೆಟ್ಟ ಪ್ರತಿಯೇ ಸಾಕು, ರೋಗವಿರುವವರ ಪ್ರತಿ ಮಗುವಿಗೂ ಸಂಭವ ಅರ್ಧ, ಸಂಗಾತಿ ಯಾರೇ ಆಗಿರಲಿ.

ನಮ್ಮ ಅಭಿಪ್ರಾಯ ಕೇಳಿದರೆ, ಬೇರೆ ಸಂಬಂಧ ನೋಡಿ ಎನ್ನುತ್ತೇವೆ. ನಿಶ್ಚಯವಾಗಿಯೇ ಹೋಗಿದ್ದರೆ ಮದುವೆಗೆ ಮೊದಲು ಒಂದು ಹಾಳೆಯಲ್ಲಿ ಎರಡೂ ಕಡೆಯ ಮೂರು ತಲೆಮಾರು ಬರೆಯಿರಿ. ಎಳವೆಯಲ್ಲೇ ತೀರಿಕೊಂಡ ಮಕ್ಕಳು, ಹುಟ್ಟುಕಿವುಡು, ಬುದ್ಧಿಮಾಂದ್ಯ, ಪದೇಪದೇ ರಕ್ತ ಹಾಕಿಸಿಕೊಂಡವರು, ಯಾರನ್ನೂ ಮುಚ್ಚಿಡಬೇಡಿ. ತೀರಿಹೋದ ಕೂಸುಗಳನ್ನು ಮನೆಯವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ವೈದ್ಯರಿಗೆ ಬೇಕಾದ್ದು ಅವೇ. ಆ ಹಾಳೆ ಹಿಡಿದು ಆನುವಂಶಿಕ ಸಲಹೆ ಕೊಡುವ ವೈದ್ಯರನ್ನು ಕಾಣಿ. ಯಾವ ವಾಹಕ ಪರೀಕ್ಷೆ ಎಂಬುದನ್ನು ಅವರು ಅದರ ಮೇಲೆ ನಿರ್ಧರಿಸುತ್ತಾರೆ. ಮಗು ಹುಟ್ಟಿದ ಎರಡು ಮೂರು ದಿನದೊಳಗೆ ಹಿಮ್ಮಡಿಯ ರಕ್ತದ ಪರೀಕ್ಷೆ, ಒಂದು ತಿಂಗಳೊಳಗೆ ಕಿವಿಯ ಪರೀಕ್ಷೆ ತಪ್ಪಿಸಬೇಡಿ.

ಪ್ರಶ್ನೆ: ಮೊದಲ ಮಗುವಿಗೆ ಬೀಟಾ ಥಲಸ್ಸೇಮಿಯಾ. ನಾವಿಬ್ಬರೂ ವಾಹಕರು, ನಾಲ್ಕರಲ್ಲಿ ಒಂದು ಮಗುವಿಗೆ ಬರುತ್ತದೆ ಎಂದರು. ಒಂದಕ್ಕೆ ಬಂದಾಯಿತಲ್ಲ, ಇನ್ನು ಮೂರಕ್ಕೆ ಬರುವುದಿಲ್ಲವೇ?
— ಹೆಸರು, ಊರು ಬೇಡ

ಉತ್ತರ: ದಯವಿಟ್ಟು ಹಾಗೆ ತಿಳಿಯಬೇಡಿ. ನಾಲ್ಕರಲ್ಲಿ ಒಂದು ಎನ್ನುವುದು ಪ್ರತಿ ಬಸಿರಿಗೂ ಹೊಸದಾಗಿ ಅನ್ವಯಿಸುತ್ತದೆ. ಮೊದಲ ಮಗುವಿಗೆ ಏನಾಯಿತೆಂಬುದು ಮುಂದಿನ ಅಂಡಕ್ಕಾಗಲಿ ವೀರ್ಯಾಣುವಿಗಾಗಲಿ ಗೊತ್ತಿರುವುದಿಲ್ಲ. ಮುಂದಿನ ಮೂರೂ ಮಕ್ಕಳಿಗೆ ರೋಗ ಬಾರದಿರುವ ಸಂಭವ ಮುಕ್ಕಾಲನ್ನು ಮೂರು ಸಲ ಗುಣಿಸಿದಷ್ಟು, ಅಂದರೆ 64ರಲ್ಲಿ 27, ನೂರಕ್ಕೆ 42. ಒಂದಕ್ಕಾದರೂ ಬರುವ ಸಂಭವವೇ ಹೆಚ್ಚು.

ಮುಂದಿನ ಬಸಿರಿಗೆ ಮೊದಲು ಆಗಬೇಕಾದ್ದು ನಿಮ್ಮಿಬ್ಬರ ಡಿಎನ್‌ಎ ಪರೀಕ್ಷೆ. ರಕ್ತದ ಹಿಮೋಗ್ಲೋಬಿನ್ನಿನ ಒಂದು ಭಾಗವಾದ ಬೀಟಾ ಗ್ಲೋಬಿನ್ ಮಾಡುವ ಜೀನ್ ಕೆಟ್ಟರೆ ಈ ರೋಗ, ಅದು ಕೆಡುವ ಬಗೆಗಳು ಹಲವಾರು. ನಿಮ್ಮಲ್ಲಿರುವುದು ಯಾವುದೆಂದು ತಿಳಿದಿದ್ದರೆ ಮಾತ್ರ ಭ್ರೂಣದಲ್ಲಿ ಅದನ್ನು ಹುಡುಕಲು ಸಾಧ್ಯ. ಬಸಿರು ನಿಂತ ಮೇಲೆ ಇದನ್ನು ಶುರುಮಾಡಿದರೆ ವರದಿ ಬರುವ ಹೊತ್ತಿಗೆ ವಾರಗಳು ಕಳೆದಿರುತ್ತವೆ. ಬಸಿರಾದ ಕೂಡಲೇ ತಿಳಿಸಿದರೆ 11ನೇ ವಾರದ ಹೊತ್ತಿಗೆ ಮಾಸಿನ ಚೂರು ತೆಗೆದು ಪರೀಕ್ಷಿಸುತ್ತಾರೆ. ಅದು ತಪ್ಪಿದರೆ 16ನೇ ವಾರದ ಸುಮಾರಿಗೆ ಗರ್ಭದಲ್ಲಿ ಮಗುವಿನ ಸುತ್ತಲಿರುವ ನೀರಿನ ಪರೀಕ್ಷೆ.

ಅಸ್ಥಿಮಜ್ಜೆ ಕಸಿಯ ಆಸೆಯಿಂದ ಎರಡನೇ ಮಗು ಬಯಸುವವರೂ ಇದ್ದಾರೆ. ಒಡಹುಟ್ಟಿದವರ ಮಜ್ಜೆ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಆ ಜೀನ್‌ಗಳು 6ನೇ ಕ್ರೋಮೋಸೋಮಿನಲ್ಲಿವೆ, ಬೀಟಾ ಗ್ಲೋಬಿನ್ 11ನೆಯದರಲ್ಲಿ, ಹಾಗಾಗಿ ಒಂದಕ್ಕೊಂದು ಸಂಬಂಧವಿಲ್ಲದೆ ಸಾಗುತ್ತವೆ. ಮಗುವಿಗೆ ರೋಗವೂ ಇರಬಾರದು, ಮಜ್ಜೆಯೂ ಹೊಂದಬೇಕು ಎಂದರೆ ಮುಕ್ಕಾಲು ಗುಣಿಸು ಕಾಲು: 16ರಲ್ಲಿ 3. ಇದನ್ನು ತಿಳಿದೇ ಮುಂದುವರಿಯಿರಿ.

ನಿಮ್ಮ ಒಡಹುಟ್ಟಿದವರೂ ಪರೀಕ್ಷಿಸಿಕೊಳ್ಳಲಿ. ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ) 80ಕ್ಕಿಂತ, ಎಂಸಿಎಚ್ (ಒಂದು ಕಣದಲ್ಲಿರುವ ಸರಾಸರಿ ಹಿಮೋಗ್ಲೋಬಿನ್) 27ಕ್ಕಿಂತ ಕಡಿಮೆಯಿದ್ದರೆ ಅನುಮಾನಿಸಬೇಕು. ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಎ2 ಶೇ. 3.5 ದಾಟಿದ್ದರೆ ವಾಹಕರೆಂದು ಹೆಚ್ಚುಕಡಿಮೆ ಖಚಿತ. ಇಲ್ಲಿ ಎಡವುವುದು ಎರಡು ಕಡೆ. ಕಬ್ಬಿಣಾಂಶ ತೀರಾ ಕಡಿಮೆಯಿದ್ದರೆ ಎ2 ಇಳಿದು ವಾಹಕರೂ ಸಹಜ ಎಂದು ಕಾಣಬಹುದು, ಹಾಗಾಗಿ ಅಂಚಿನಲ್ಲಿರುವ ವರದಿಯನ್ನು ಕಬ್ಬಿಣದ ಕೊರತೆ ನೀಗಿಸಿ ಮತ್ತೆ ನೋಡಬೇಕು. ಎರಡನೆಯದು, ರಕ್ತ ಹಾಕಿಸಿಕೊಂಡ ಮೂರು ತಿಂಗಳೊಳಗಿನ ಪರೀಕ್ಷೆಯಲ್ಲಿ ಕಾಣುವುದು ದಾನಿಯ ರಕ್ತವೂ ಹೌದು.

ಕುಡಗೋಲು ಕಣ (ಸಿಕಲ್ ಸೆಲ್) ರೋಗಕ್ಕೂ ಇದೇ ನಾಲ್ಕರಲ್ಲೊಂದರ ಲೆಕ್ಕ. ಅದು ಬೀಟಾ ಗ್ಲೋಬಿನ್ನಿನ ಆರನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕಾದಲ್ಲಿ ವ್ಯಾಲಿನ್ ಬಂದದ್ದರ ಫಲ. ಕುಡಗೋಲು ಕಣದ ವಾಹಕರು ಥಲಸ್ಸೇಮಿಯಾ ವಾಹಕರನ್ನು ಮದುವೆಯಾದರೂ ಮಗುವಿಗೆ ರೋಗ ಬರಬಹುದು, ಬೇರೆ ಬೇರೆ ರೋಗ ತಾನೇ ಎಂದು ಬಿಡುವಂತಿಲ್ಲ. ಈ ರೋಗದ ವಿರುದ್ಧ 2023ರ ಜುಲೈನಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನದಲ್ಲಿ ಕರ್ನಾಟಕವೂ ಇದೆ, ಬುಡಕಟ್ಟು ಜನರಿರುವ ಜಿಲ್ಲೆಗಳಲ್ಲಿ ತಪಾಸಣೆ ನಡೆಯುತ್ತದೆ. ಅಲ್ಲಿ ಮೊದಲು ಮಾಡುವ ಕರಗುವಿಕೆ ಪರೀಕ್ಷೆ ವಾಹಕರನ್ನೂ ರೋಗಿಗಳನ್ನೂ ಬೇರೆ ಮಾಡಿ ತೋರಿಸುವುದಿಲ್ಲ. ಎರಡನೇ ಪರೀಕ್ಷೆ ಆಗುವವರೆಗೆ ಯಾರೂ ಗಾಬರಿಯಾಗಬೇಕಿಲ್ಲ.

ಪ್ರಶ್ನೆ: ಕಳೆದ ಸಲ ಅರ್ಕಾ ರಕ್ಷಕ್ ಟೊಮೆಟೊ ಚೆನ್ನಾಗಿ ಬಂತು. ಅದರ ಹಣ್ಣಿನಿಂದಲೇ ಬೀಜ ಮಾಡಿ ಹಾಕಿದೆ. ಗಿಡ ಒಂದೊಂದೂ ಒಂದೊಂದು ಥರ, ಕೆಲವಕ್ಕೆ ಎಲೆಮುಟುರು ಬಂದಿದೆ. ಬೀಜ ತೆಗೆಯುವುದರಲ್ಲಿ ತಪ್ಪಾಯಿತೇ?
— ರೈತರು, ಕೋಲಾರ

ಉತ್ತರ: ತೆಗೆದ ರೀತಿಯಲ್ಲಿ ತಪ್ಪಿಲ್ಲ, ತೆಗೆದ ಗಿಡ ಸರಿಯಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಫ್1 ಹೈಬ್ರಿಡ್. ಎಲೆಮುಟುರು ನಂಜು, ದುಂಡಾಣು ಸೊರಗು, ಮುಂಚಿನ ಅಂಗಮಾರಿ ಮೂರನ್ನೂ ತಡೆಯುವ ಗುಣ ಅದರಲ್ಲಿದೆ. ಎರಡು ತಳಿಗಳನ್ನು ಕೂಡಿಸಿ ಪಡೆದ ಮೊದಲ ತಲೆಮಾರಿನ ಗಿಡಗಳೆಲ್ಲ ಒಂದೇ ಥರ ಇರುತ್ತವೆ. ಆದರೆ ಅಪ್ಪ-ಅಮ್ಮ ತಳಿಗಳು ಎಲ್ಲೆಲ್ಲಿ ಬೇರೆಯೋ ಅಲ್ಲೆಲ್ಲ ಜೀನಿನ ಒಂದು ಪ್ರತಿ ಈ ಕಡೆಯದು, ಒಂದು ಆ ಕಡೆಯದು. ಮುಂದಿನ ತಲೆಮಾರಿನಲ್ಲಿ ಇವು ಚೆಲ್ಲಾಪಿಲ್ಲಿಯಾಗಿ ಹಂಚಿಹೋಗುತ್ತವೆ. ಲೆಕ್ಕದ ಅನುಕೂಲಕ್ಕೆ ಮೂರು ರೋಗಕ್ಕೂ ಒಂದೊಂದೇ ಪ್ರಬಲ ಜೀನ್ ಇದೆ ಎಂದುಕೊಂಡರೆ, ನಿಮ್ಮ ಬೀಜದ ಗಿಡಗಳಲ್ಲಿ ಮೂರೂ ಗುಣ ಉಳಿಯುವುದು 64ರಲ್ಲಿ 27ಕ್ಕೆ. ಮೇಲಿನ ಥಲಸ್ಸೇಮಿಯಾ ಉತ್ತರದಲ್ಲಿ ಬಂದ ಅಂಕಿಯೇ, ಮುಕ್ಕಾಲರ ಮೂರು ಗುಣಾಕಾರ. ಮುಂದೆ ಬದಲಾಗದಂತೆ ಮೂರೂ ನೆಲೆಯಾಗಿರುವ ಗಿಡ 64ರಲ್ಲಿ ಒಂದು.

ಸ್ವಂತ ಬೀಜ ಬೇಕಿದ್ದರೆ ಅರ್ಕಾ ವಿಕಾಸ್‌ನಂಥ ತಳಿ ಹಾಕಿ, ಅದು ಹೈಬ್ರಿಡ್ ಅಲ್ಲ. ರೋಗವಿಲ್ಲದ ಗಿಡಗಳ ಪೂರ್ತಿ ಹಣ್ಣಾದ ಕಾಯಿ ಆರಿಸಿ, ತಿರುಳನ್ನು ನೀರು ಬೆರೆಸದೆ ಪ್ಲಾಸ್ಟಿಕ್ ಇಲ್ಲವೇ ಸ್ಟೀಲ್ ಪಾತ್ರೆಗೆ ಹಿಂಡಿ, ಒಂದರಿಂದ ಎರಡು ದಿನ ಹುದುಗಲು ಬಿಡಿ. ದಿನಕ್ಕೆರಡು ಸಲ ಕಲಕಿ. ಬೀಜದ ಸುತ್ತಲ ಲೋಳೆ ಬಿಟ್ಟ ಕೂಡಲೇ ತೊಳೆಯಿರಿ. ತಳಕ್ಕೆ ಕೂತದ್ದು ಗಟ್ಟಿ ಬೀಜ, ತೇಲಿದ್ದು ಜೊಳ್ಳು. ಮೂರು ದಿನ ಬಿಟ್ಟರೆ ಬೀಜ ಪಾತ್ರೆಯಲ್ಲೇ ಮೊಳೆಯಬಹುದು. ಬಟ್ಟೆಯ ಮೇಲೆ ನೆರಳಲ್ಲಿ, ತೇವ ಶೇ. 8ಕ್ಕೆ ಇಳಿಯುವಷ್ಟು ಒಣಗಿಸಿ. ಕಾಗದದ ಮೇಲೆ ಹಾಕಿದರೆ ಅಂಟಿಕೊಳ್ಳುತ್ತದೆ.

ಜೊತೆಗೊಂದು ಮಾತು. ರಾಗಿಯ ಇಂಡಾಫ್ ತಳಿಗಳನ್ನೂ ಹಳ್ಳಿಗಳಲ್ಲಿ ಹೈಬ್ರಿಡ್ ಎಂದೇ ಕರೆಯುತ್ತಾರೆ. ಡಾ. ಸಿ.ಎಚ್. ಲಕ್ಷ್ಮಣಯ್ಯ ಅವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರ ಮಾಡಿದ್ದು ಹೌದು, ಆದರೆ ಆಮೇಲೆ ತಲೆಮಾರುಗಟ್ಟಲೆ ಆರಿಸಿ ಗುಣ ನೆಲೆಗೊಳಿಸಿದ ತಳಿಗಳವು. ರಾಗಿಯಲ್ಲಿ ಹೂವು ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಹೀಗೆ ಸಾಗಿದರೆ ಬೆರಕೆ ಪ್ರತಿ ತಲೆಮಾರಿಗೂ ಅರ್ಧಕ್ಕಿಳಿಯುತ್ತಾ ಬಂದು ಆರನೆಯದರಲ್ಲಿ ಶೇ. 3ರಷ್ಟು ಮಾತ್ರ ಉಳಿಯುತ್ತದೆ. ಅಂಥ ಬೀಜವನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದು. ತೊಗರಿ ಹಾಗಲ್ಲ, ಜೇನ್ನೊಣ ಪಕ್ಕದ ಹೊಲದ ಪರಾಗ ತಂದು ಬೆರೆಸುತ್ತದೆ.

ಪ್ರಶ್ನೆ: ಗಂಡ, ಹೆಂಡತಿ ಇಬ್ಬರದೂ ಓ ಗುಂಪು, ಮಗುವಿನದು ಬಿ. ಹೀಗಾಗಲು ಸಾಧ್ಯವೇ? ಮನೆಯಲ್ಲಿ ಮಾತು ಬೆಳೆದಿದೆ.
— ಹೆಸರು, ಊರು ಬೇಡ

ಉತ್ತರ: ಸಾಧ್ಯ. ಮಾತು ನಿಲ್ಲಿಸಿ, ಮೂವರ ರಕ್ತವನ್ನೂ ಒಳ್ಳೆಯ ರಕ್ತನಿಧಿಯಲ್ಲಿ ಮತ್ತೆ ಪರೀಕ್ಷಿಸಿ. ಇಂಥ ಒಗಟುಗಳಲ್ಲಿ ಮೊದಲು ಅನುಮಾನಿಸಬೇಕಾದ್ದು ಹಳೆಯ ಕಾರ್ಡನ್ನು.

ಕಾರ್ಡು ಸರಿಯಿದ್ದರೆ ಬಾಂಬೆ ಗುಂಪನ್ನು ನೋಡಬೇಕು. ಎ ಮತ್ತು ಬಿ ಗುರುತುಗಳು ಕೆಂಪು ರಕ್ತಕಣದ ಮೇಲೆ ಕೂರುವುದು ಎಚ್ ಎಂಬ ತಳಪಾಯದ ಮೇಲೆ. ಎಚ್ ಜೀನಿನ ಎರಡೂ ಪ್ರತಿ ಕೆಟ್ಟವರಲ್ಲಿ ಆ ತಳಪಾಯವೇ ಇಲ್ಲ, ಬಿ ಜೀನ್ ಇದ್ದರೂ ಕಾಣುವುದಿಲ್ಲ, ಸ್ಲೈಡಿನ ಮೇಲೆ ಓ ಎಂದೇ ಬರುತ್ತದೆ. ಸಂಗಾತಿಯಿಂದ ಸರಿಯಾದ ಎಚ್ ಸಿಕ್ಕ ಮಗುವಿನಲ್ಲಿ ಅಡಗಿದ್ದ ಬಿ ಎದ್ದು ಕಾಣುತ್ತದೆ. 1952ರಲ್ಲಿ ಡಾ. ವೈ.ಎಂ. ಭೆಂಡೆ ಮತ್ತು ಸಂಗಡಿಗರು ಮುಂಬಯಿಯಲ್ಲಿ ಇದನ್ನು ಗುರುತಿಸಿದರು. ನಮ್ಮ ದೇಶದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರಲ್ಲಿ ಇದೆ, ಸೋದರಿಕೆಯ ಮದುವೆಗಳ ಮನೆಗಳಲ್ಲಿ ಸಹಜವಾಗಿಯೇ ಹೆಚ್ಚು.

ಬರೀ ಸ್ಲೈಡ್ ಪರೀಕ್ಷೆ ಇದನ್ನು ಹಿಡಿಯುವುದಿಲ್ಲ. ನಿಮ್ಮ ಸೀರಮ್ಮನ್ನು ಓ ಗುಂಪಿನ ಕಣಗಳ ಜೊತೆ ಬೆರೆಸಿ ನೋಡಲು ಹೇಳಿ: ಸಾಮಾನ್ಯ ಓ ಆದರೆ ಏನೂ ಆಗುವುದಿಲ್ಲ, ಬಾಂಬೆಯಾದರೆ ಕಣಗಳು ಗಂಟುಕಟ್ಟುತ್ತವೆ. ಖಚಿತಪಡಿಸಲು ಎಚ್ ವಿರುದ್ಧದ ಪರೀಕ್ಷೆ ಬೇರೆ ಇದೆ. ಬಾಂಬೆ ಎಂದು ಗೊತ್ತಾದರೆ ಅದನ್ನು ಬರೆದು ಸದಾ ಜೇಬಿನಲ್ಲಿಟ್ಟುಕೊಳ್ಳಬೇಕು. ಅವರಿಗೆ ಓ ರಕ್ತ ಕೊಟ್ಟರೆ ಪ್ರಾಣಾಪಾಯ, ಬಾಂಬೆ ರಕ್ತವೇ ಬೇಕು.

ಪ್ರಶ್ನೆ: ಮೈಟೊಕಾಂಡ್ರಿಯ ತಾಯಿಯಿಂದ ಮಾತ್ರ ಬರುತ್ತದಂತೆ. ಹಾಗಾದರೆ ಮಕ್ಕಳ ದೇಹಶಕ್ತಿಯೆಲ್ಲ ತಾಯಿಯ ಕಡೆಯದೇ?
— ಶಿಕ್ಷಕರು, ಶಿರಸಿ

ಉತ್ತರ: ಮೈಟೊಕಾಂಡ್ರಿಯ ತಾಯಿಯದು, ಅದರ ಬಿಡಿಭಾಗಗಳಲ್ಲಿ ಹೆಚ್ಚಿನವು ಇಬ್ಬರವು. ಅಂಡದಲ್ಲಿ ಲಕ್ಷದ ಲೆಕ್ಕದಲ್ಲಿ ಮೈಟೊಕಾಂಡ್ರಿಯಗಳಿರುತ್ತವೆ. ವೀರ್ಯಾಣುವಿನಲ್ಲಿ ಕೆಲವೇ ಹತ್ತುಗಳಷ್ಟಿದ್ದು, ಒಳಹೊಕ್ಕ ಮೇಲೆ ನಾಶವಾಗುತ್ತವೆ. ಮೈಟೊಕಾಂಡ್ರಿಯದ ಸ್ವಂತ ಡಿಎನ್‌ಎಯಲ್ಲಿ 16,569 ಅಕ್ಷರಗಳು, 37 ಜೀನ್‌ಗಳು. ಅವುಗಳಲ್ಲಿ ಪ್ರೋಟೀನು ಮಾಡುವವು 13 ಮಾತ್ರ. ಅಲ್ಲಿ ಕೆಲಸ ಮಾಡುವ ಸಾವಿರಕ್ಕೂ ಹೆಚ್ಚು ಬಗೆಯ ಪ್ರೋಟೀನುಗಳಲ್ಲಿ ಉಳಿದೆಲ್ಲವುಗಳ ಜೀನ್ ಇರುವುದು ಕೋಶಕೇಂದ್ರದಲ್ಲಿ. ಮೇಲೆ ಹೇಳಿದ ಎಟಿಪಿ ಸಿಂಥೇಸ್‌ನಲ್ಲೇ ಎರಡು ಭಾಗಗಳ ಜೀನ್ ಮೈಟೊಕಾಂಡ್ರಿಯದ್ದು, ಮಿಕ್ಕವು ಕೋಶಕೇಂದ್ರದವು.

ತರಗತಿಯಲ್ಲಿ ಹೇಳುವಾಗ ಇದನ್ನೂ ಸೇರಿಸಿ: ಮೈಟೊಕಾಂಡ್ರಿಯದ ರೋಗವೆಲ್ಲ ತಾಯಿಯಿಂದ ಬಂದದ್ದಲ್ಲ. ಲೀಬರ್ ದೃಷ್ಟಿನರ ರೋಗದಂಥವು ಅದರ ಸ್ವಂತ ಡಿಎನ್‌ಎ ಕೆಟ್ಟು ಬರುತ್ತವೆ. ಅಂಥ ಜೀನ್ ಇರುವ ತಾಯಿಯಿಂದ ಗಂಡು, ಹೆಣ್ಣು ಇಬ್ಬರಿಗೂ ಸಾಗುತ್ತದೆ, ತಂದೆಯಿಂದ ಸಾಗುವುದಿಲ್ಲ. ಎಳೆಯ ಮಕ್ಕಳಲ್ಲಿ ಕಾಣುವ ಮೈಟೊಕಾಂಡ್ರಿಯ ರೋಗಗಳಲ್ಲಿ ಬಹಳಷ್ಟು ಕೋಶಕೇಂದ್ರದ ಜೀನಿನವು. ಅವುಗಳ ಲೆಕ್ಕ ಮತ್ತೆ ಇಬ್ಬರು ವಾಹಕರ ನಾಲ್ಕರಲ್ಲೊಂದೇ. ಸೊಸೆಯ ಕಡೆಗೆ ಬೆರಳು ತೋರಿಸುವ ಮೊದಲು ಇಬ್ಬರ ಡಿಎನ್‌ಎಯನ್ನೂ ನೋಡಬೇಕು.